ಗುಡ್ಡದ ಮನೆಯೂ ಗುದ್ದಲಿಯೂ

ಸರಕಾರದ ನೌಕರಿಯಲ್ಲಿ 60 ವರ್ಷ ತುಂಬಿ ಹೊರಬಂದವರು ಉಳಿದ ಆಯುಷ್ಯವನ್ನು ಎಲ್ಲಿ, ಹೇಗೆ ಕಳೆಯಬೇಕೆಂಬ ವಿಷಯದಲ್ಲಿ ವಿದ್ಯಾವಂತರ ಮನೆಗಳಲ್ಲಿ ಈಚೆಗೆ ಒಂದು ಅಭಿಪ್ರಾಯವು ಬಲವಾಗಿ ಬೇರೂರಿರುವುದು. ಪಟ್ಟಣದ ಗದ್ದಲವನ್ನು ಬಿಟ್ಟು, ಮಲೆನಾಡಿನಲ್ಲಾಗಲಿ ಅದರ ಸೆರಗಿನಲ್ಲಾಗಲಿ ಗುಡ್ಡದ ಮಗ್ಗುಲೊಂದರಲ್ಲಿ ಎರಡು ಎಕರೆ ನೆಲವನ್ನು ಕೊಂಡು, ಅಲ್ಲಿ ಚಿಕ್ಕದೊಂದು ಮನೆಯನ್ನು ಕಟ್ಟಿಸಿ, ಹೂವು ಕಾಯಿಪಲ್ಯಗಳನ್ನು ಬೆಳೆಯುತ್ತ, ಅಂಗಳವನ್ನು ಒಪ್ಪವಾಗಿಟ್ಟುಕೊಂಡು ಶಾಂತರಾಗಿ ಇರತಕ್ಕದ್ದು. ಇದೇ ಈ ಕಾಲದ ವಾನಪ್ರಸ್ಥವು ಎಂಬುದೇ ಆ ಅಭಿಪ್ರಾಯವು. ಮದುವೆಮನೆಯ ಪಂಕ್ತಿಯಲ್ಲಿಯೂ ಪಿಂಚಣಿದಾರರ ಸಂಜೆಯ ಕಟ್ಟೆಯಲ್ಲಿಯೂ ಇದನ್ನು ಹೇಳುವವರೂ ಕೇಳಿ ತಲೆದೂಗುವವರೂ ಬಹಳ ಮಂದಿ. ಈ ಮಾತಿನಲ್ಲಿ ಅರ್ಧವು ದಿಟ, ಅರ್ಧವು ಆತ್ಮವಂಚನೆ. ದಿಟವಾದ ಅರ್ಧವನ್ನು ಉಳಿಸಿಕೊಳ್ಳಬೇಕಾದರೆ ಮತ್ತೊಂದು ಅರ್ಧವನ್ನು ದಾಕ್ಷಿಣ್ಯವಿಲ್ಲದೆ ಕಿತ್ತೊಗೆಯಬೇಕಾಗಿದೆ.

ಹೊನ್ನಾಳಿಯ ಸೀಮೆಯು ಈ ಪ್ರಶ್ನೆಗೆ ಹೊರತಾದುದಲ್ಲ. ತುಂಗಭದ್ರೆಯ ದಡದ ಬಯಲಿನಲ್ಲಿ ನಿಂತವರಿಗೆ ಗುಡ್ಡವೆಂಬುದು ದೂರದ ನೀಲಿಯ ಗೆರೆಯಾಗಿ ಮಾತ್ರ ತೋರೀತು. ಆದರೆ ನೈಋತ್ಯಕ್ಕೆ ನ್ಯಾಮತಿಯ ಕಡೆಗೆ ನಡೆದಂತೆಲ್ಲ ನೆಲವು ಏರುತ್ತ, ಬೆಳಗುತ್ತಿಯನ್ನು ಸೇರುವ ಹೊತ್ತಿಗೆ ಕುರುಚಲು ಕಾಡಿನ ಗುಡ್ಡಗಳು ಎದುರು ನಿಲ್ಲುವುವು. ಒಂದಾನೊಂದು ಕಾಲದಲ್ಲಿ ಸಿಂದರು ಆಳಿದ ಆ ಬೆಳಗುತ್ತಿಯ ಬಳಿಯ ತೀರ್ಥರಾಮೇಶ್ವರದ ಗುಡ್ಡದಲ್ಲಿ ಬೇಸಗೆಯಲ್ಲಿಯೂ ಬತ್ತದ ಚಿಲುಮೆಯೊಂದುಂಟು. ಅದು ಬತ್ತದಿರುವುದಕ್ಕೆ ಭಕ್ತರು ಹೇಳುವ ಕಾರಣವು ಒಂದು. ಮೇಲಣ ಗುಡ್ಡವು ಮಳೆಗಾಲದಲ್ಲಿ ಕುಡಿದ ನೀರನ್ನು ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತದೆಂದು ಭೂಮಿಯನ್ನು ಬಲ್ಲವರು ಹೇಳುವ ಕಾರಣವು ಇನ್ನೊಂದು. ಎರಡರಲ್ಲಿ ಯಾವುದನ್ನು ನಂಬಿದರೂ ಗುಡ್ಡವನ್ನು ಕೆಡಿಸಬಾರದೆಂಬುದೇ ಫಲಿತಾರ್ಥ. ಹೊನ್ನಿಗಾಗಿ ಈ ಸೀಮೆಯ ನೆಲವನ್ನು ಅಗೆದುದೂ ಉಂಟು. ಕುದುರೆಕೊಂಡ, ಪಾಲವನಹಳ್ಳಿಗಳ ಹಳೆಯ ಗಣಿಗಳು ಅದಕ್ಕೆ ಸಾಕ್ಷಿ. ಆಗ ಅಗೆದವರು ಚಿನ್ನವನ್ನು ಹುಡುಕುತ್ತೇವೆಂದು ನೇರವಾಗಿ ಹೇಳಿದರು. ಈಗ ಗುಡ್ಡಕ್ಕೆ ಬರುವವರು ಶಾಂತಿಯನ್ನು ಹುಡುಕುತ್ತೇವೆನ್ನುವರು. ಜೊತೆಯಲ್ಲಿ ತರುವುದು ಮಾತ್ರ ಜೆಸಿಬಿಯನ್ನು.

ಇಂಥ ಗುಡ್ಡದ ಮನೆಯ ದಿನಚರಿಯನ್ನು ನೋಡಿದವರಿಗೆ ಅದರ ಸ್ವರೂಪವು ಗೊತ್ತು. ಯಜಮಾನರು ಬೆಳಗ್ಗೆ ಎದ್ದು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕುಳಿತು ಕಾಫಿಯನ್ನು ಕುಡಿಯುತ್ತ ಮಂಜನ್ನು ನೋಡುವರು. ಆ ವೇಳೆಗೆ ಕೆಳಗಿನ ಹಳ್ಳಿಯಿಂದ ಆಳು ಬಂದು ಪಾತಿಯನ್ನು ಕೆದಕಿ, ಕಳೆಯನ್ನು ಕಿತ್ತು, ಗೊಬ್ಬರವನ್ನು ಹೊತ್ತು, ಅಂಗಳವನ್ನು ಗುಡಿಸಿ, ತರಗೆಲೆಯ ಗುಡ್ಡೆಗೆ ಬೆಂಕಿಯಿಡುವನು. ಯಜಮಾನರು ಎದ್ದು ಬಂದು ಒಂದು ಬದನೆಯ ಕಾಯನ್ನು ತಿರುಗಿಸಿ ನೋಡಿ, ಅದರ ಚಿತ್ರವನ್ನು ತೆಗೆದು, ‘ನಾನೇ ಬೆಳೆದುದು’ ಎಂಬ ಒಕ್ಕಣೆಯೊಡನೆ ಬೆಂಗಳೂರಿನ ಮಗನಿಗೂ ಅಮೆರಿಕದ ಮಗಳಿಗೂ ಕಳುಹಿಸುವರು. ಕೈ ಕೆಸರಾದರೆ ಬಾಯಿ ಮೊಸರೆಂಬುದು ಕನ್ನಡಿಗರ ಗಾದೆ. ಇಲ್ಲಿ ಕೆಸರು ಒಬ್ಬನ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ. ಆಳನ್ನು ಇಟ್ಟುಕೊಂಡುದು ತಪ್ಪಲ್ಲ. ಕೂಲಿಯಿಂದ ಒಂದು ಸಂಸಾರವು ನಡೆಯುವುದಾದರೆ ಅದು ಒಳ್ಳೆಯದೇ ಸರಿ. ಆದರೆ ಇದಕ್ಕೆ ‘ದುಡಿಮೆಯ ಬಾಳು’ ಎಂಬ ಹೆಸರನ್ನು ಇಡುವುದೇಕೆ?

ಇನ್ನು ವಾನಪ್ರಸ್ಥವೆಂಬ ಹೆಸರನ್ನು ನೋಡಬೇಕು. ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿ ಈ ಆಶ್ರಮದ ವಿಧಿಗಳು ವಿಸ್ತಾರವಾಗಿ ಹೇಳಲ್ಪಟ್ಟಿವೆ. ಮೈಯಲ್ಲಿ ಸುಕ್ಕು, ತಲೆಯಲ್ಲಿ ನರೆ, ಮನೆಯಲ್ಲಿ ಮೊಮ್ಮಗ ಇವು ಕಾಣಿಸಿಕೊಂಡಾಗ ಗೃಹಸ್ಥನು ಅರಣ್ಯವನ್ನು ಆಶ್ರಯಿಸತಕ್ಕದ್ದೆಂಬುದನ್ನು ಎಲ್ಲರೂ ಹೇಳುವರು. ಮುಂದಿನದನ್ನು ಹೇಳುವವರು ಕಡಮೆ. ಅವನು ಊರಿನ ಆಹಾರವನ್ನೂ ಗೃಹೋಪಕರಣಗಳನ್ನೂ ಸಂಪೂರ್ಣವಾಗಿ ತೊರೆಯಬೇಕು. ನೇಗಿಲಿನಿಂದ ಉತ್ತ ನೆಲದಲ್ಲಿ ಬೆಳೆದುದನ್ನು, ಯಾರೋ ಬಿಟ್ಟು ಹೋದುದಾದರೂ, ಮುಟ್ಟಬಾರದು. ತಾನಾಗಿ ಬೆಳೆದ ಗೆಡ್ಡೆ ಗೆಣಸು ಹಣ್ಣುಗಳಿಂದ ಜೀವಿಸಬೇಕು. ಎಂದಮೇಲೆ ವಾನಪ್ರಸ್ಥನಿಗೆ ತರಕಾರಿಯ ತೋಟವೇ ನಿಷಿದ್ಧವೆಂದಂತಾಯಿತು! ಬದನೆಯನ್ನು ಬೆಳೆಯುವವನು ಎಷ್ಟೇ ಎತ್ತರದ ಗುಡ್ಡದ ಮೇಲೆ ಕುಳಿತಿದ್ದರೂ ಗೃಹಸ್ಥನೇ ಹೊರತು ವಾನಪ್ರಸ್ಥನಲ್ಲ. ಇದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಕನ್ನಡದ ಹಳೆಯ ಶಾಸ್ತ್ರಗ್ರಂಥಗಳಲ್ಲಿ ಒಂದಾದ, ಸುಮಾರು 1025ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಮನೆಯನ್ನು ಕಟ್ಟುವುದು, ಭೂಮಿಯೊಳಗಿನ ನೀರನ್ನು ಕಂಡುಹಿಡಿಯುವುದು, ಗಿಡಮರಗಳನ್ನು ಬೆಳೆಸುವುದು, ಅಡುಗೆಯನ್ನು ಮಾಡುವುದು ಇವೆಲ್ಲ ಒಂದೇ ಸಾಲಿನಲ್ಲಿ ಬಂದಿವೆ. ತೋಟಗಾರಿಕೆಯು ಸಂಸಾರಿಯ ವಿದ್ಯೆಯೆಂದು ಆ ಪಂಡಿತನು ತಿಳಿದಿದ್ದನು. ಕಾಳಿದಾಸನ ನಾಟಕದ ಕಣ್ವಾಶ್ರಮದಲ್ಲಿ ಗಿಡಗಳಿಗೆ ನೀರೆರೆಯುವವಳು ಕೂಲಿಯವಳಲ್ಲ, ಕುಲಪತಿಯ ಸಾಕುಮಗಳಾದ ಶಕುಂತಲೆ ಎಂಬುದನ್ನೂ ಇಲ್ಲಿ ನೆನೆಯಬಹುದು.

ಸಂಸಾರವನ್ನೂ ಬಿಡಲೊಲ್ಲೆ, ವಾನಪ್ರಸ್ಥದ ಹೆಸರನ್ನೂ ಬಿಡಲೊಲ್ಲೆ ಎಂಬುದಕ್ಕೆ ತಾರ್ಕಿಕರು ಅರ್ಧಜರತೀಯ ನ್ಯಾಯವೆಂದು ಹೇಳುವರು. ಒಬ್ಬಳೇ ಹೆಂಗಸು ಅರ್ಧ ಮುದುಕಿಯೂ ಅರ್ಧ ತರುಣಿಯೂ ಆಗಲಾರಳು. ಮುಪ್ಪಿನ ವಿಷಯದಲ್ಲಿ ಈ ನ್ಯಾಯವು ಇಷ್ಟು ಚೆನ್ನಾಗಿ ಹೊಂದುವುದು ಕಾಕತಾಳೀಯವೇ ಇರಬೇಕು. ಹೆಸರಿನ ಜಗಳವು ಪಂಡಿತರ ಹರಟೆಯೆಂದು ಯಾರೂ ತಳ್ಳಿಬಿಡಬಾರದು. ವಾನಪ್ರಸ್ಥನೆಂದುಕೊಂಡವನು ತಾನು ಎಲ್ಲವನ್ನೂ ಬಿಟ್ಟು ಬಂದವನೆಂದು ಭಾವಿಸುವುದರಿಂದ ಸುತ್ತಲವರಿಗೆ ತಾನು ಸಲ್ಲಿಸಬೇಕಾದುದು ಏನೂ ಉಳಿದಿಲ್ಲವೆಂದೇ ತಿಳಿಯುವನು. ಗೃಹಸ್ಥನೆಂದು ಒಪ್ಪಿದವನಿಗಾದರೋ ಅತಿಥಿಗಳ ಋಣ, ಪ್ರಾಣಿಗಳ ಋಣ, ನೆರೆಯವರ ಋಣ ಇವು ತಪ್ಪಿದುವಲ್ಲ. ಗುಡ್ಡದ ಮೇಲಣ ಮನೆಗೆ ನೆರೆಯವರೆಂದರೆ ಕೆಳಗಿನ ಹಳ್ಳಿಯವರು. ಅವರಿಗೆ ಸಲ್ಲಬೇಕಾದ ಋಣವು ನೀರಿನ ಋಣ.

ಈ ನೀರಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವುದು. ಅಲ್ಲಿಂದ ಮೂಡಲಿಗೆ ಬಂದಂತೆಲ್ಲ ಮಳೆಯು ಕುಗ್ಗುತ್ತ, ಹೊನ್ನಾಳಿಯನ್ನು ದಾಟಿ ಜಗಳೂರಿಗೆ ಹೋಗುವಷ್ಟರಲ್ಲಿ ಅದರ ಹತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಹೀಗಿರುವಾಗ ಇಲ್ಲಿನ ಗುಡ್ಡದ ಮೇಲೆ ಮಲೆನಾಡಿನ ಹಸಿರನ್ನು ವರ್ಷವೆಲ್ಲ ಕಾಣಬೇಕೆಂಬ ಹಟವು ಎಂಥದು? ಎರಡು ಗುಂಟೆಯಷ್ಟು ಜಾಗದಲ್ಲಿ ನೋಟಕ್ಕಾಗಿ ಹುಲ್ಲಿನ ಹಾಸನ್ನು ಬೆಳೆಸಿದರೆಂದು ಇಟ್ಟುಕೊಳ್ಳಬಹುದು. ಬೇಸಗೆಯ ಬಿಸಿಲಿನಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರನ್ನಾದರೂ ಅದು ಬೇಡುವುದು. ಎಂದರೆ ದಿನಕ್ಕೆ 1,000 ಲೀಟರ್. ಹಳ್ಳಿಗಳ ಕುಡಿಯುವ ನೀರಿನ ಯೋಜನೆಯಲ್ಲಿ ತಲೆಗೆ ದಿನವೊಂದಕ್ಕೆ 55 ಲೀಟರ್ ಎಂದು ಸರಕಾರವು ಗೊತ್ತುಮಾಡಿದೆ. ದನವೂ ಮೇಯದ, ದೇವರಿಗೂ ಏರದ ಆ ಹುಲ್ಲು 18 ಮಂದಿಯ ಪಾಲನ್ನು ಕುಡಿಯುವುದು. ಪಿಂಚಣಿಯ ಜೊತೆಗೆ ನಾಲ್ಕು ಕಾಸು ಬರಲೆಂದು ಇಳಿಜಾರಿನ ಒಂದು ಎಕರೆಯಲ್ಲಿ ಅಡಿಕೆಯನ್ನು ಇಡುವವರ ಲೆಕ್ಕವು ಇದಕ್ಕಿಂತ ದೊಡ್ಡದು. ಒಂಬತ್ತು ಅಡಿಗೆ ಒಂದರಂತೆ ಎಕರೆಗೆ 540ರ ಸುಮಾರು ಸಸಿ. ಹನಿ ನೀರಾವರಿಯಲ್ಲಿಯೇ ಸಸಿಯೊಂದಕ್ಕೆ ಬೇಸಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್. ಒಟ್ಟು ಹತ್ತು ಸಾವಿರ ಲೀಟರಿನ ಸುಮಾರಾಯಿತು. ಬಯಲಿನ ರೈತನು ಅಡಿಕೆಯನ್ನು ಹಾಕುವುದು ಹೊಟ್ಟೆಯ ಪಾಡಿಗಾಗಿ. ಅವನನ್ನು ಆಕ್ಷೇಪಿಸುವ ಮಾತು ಬೇರೆ. ಪಿಂಚಣಿಯು ತಪ್ಪದೆ ಬರುವವರಿಗೆ ಗುಡ್ಡದ ತಲೆಯ ಮೇಲೆ ಕೊಳವೆಬಾವಿಯನ್ನು ಕೊರೆಸಿ ಅಡಿಕೆಯನ್ನು ಸಾಕುವ ಅವಶ್ಯಕತೆಯು ಯಾವುದು? ಚಿಲುಮೆಯ ಬಾಯಿಗೆ ಬರಬೇಕಾದ ನೀರನ್ನು ಅದು ಹೊರಡುವ ಮೊದಲೇ ಹೀರಿದಂತಾಗುವುದು.

ನೆಲವನ್ನು ಸಮಮಾಡುವ ಚಪಲವು ಇನ್ನೊಂದು. ಗುಡ್ಡದ ಮಗ್ಗುಲನ್ನು ಮೆಚ್ಚಿ ಕೊಂಡವರು ಮೊದಲು ಮಾಡುವ ಕೆಲಸವೆಂದರೆ ಆ ಮಗ್ಗುಲನ್ನು ಕತ್ತರಿಸಿ ಬಯಲಾಗಿ ಮಾಡುವುದು. ನೂರಾರು ವರ್ಷಗಳಲ್ಲಿ ಹುಲ್ಲು, ಬೇರು, ಗೆದ್ದಲು ಸೇರಿ ಮಾಡಿದ ಗೇಣುದ್ದದ ಮೇಲ್ಮಣ್ಣು ಒಂದೇ ಮಧ್ಯಾಹ್ನದಲ್ಲಿ ಕೆಳಕ್ಕೆ ಹೋಗುವುದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ, 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿಯೂ ಗುಡ್ಡಗಳು ಕುಸಿದುದನ್ನು ಎಲ್ಲರೂ ಬಲ್ಲರು. ಅಲ್ಲಿನ ಮಳೆ ಇಲ್ಲಿ ಬೀಳುವುದಿಲ್ಲ. ಅಂಥ ಕುಸಿತವು ನ್ಯಾಮತಿಯಲ್ಲಿ ಆದೀತೆಂದು ಹೆದರಿಸುವುದು ಸುಳ್ಳಾಗುವುದು. ಇಲ್ಲಿನ ಕೇಡು ಸದ್ದಿಲ್ಲದೆ ನಡೆಯುವಂಥದು. ಕೊಯ್ದ ಇಳಿಜಾರಿನಿಂದ ಪ್ರತಿಯೊಂದು ಹದಮಳೆಯಲ್ಲಿಯೂ ಕೆಂಪು ನೀರು ಇಳಿದು ಹಳ್ಳಕ್ಕೂ, ಹಳ್ಳದಿಂದ ಕೆರೆಗೂ ಹೂಳನ್ನು ಒಯ್ಯುವುದು. ಚನ್ನಗಿರಿಯ ಸೂಳೆಕೆರೆಯನ್ನು ಎರಡು ಗುಡ್ಡಗಳ ನಡುವೆ ಏರಿಯನ್ನು ಹಾಕಿ ಕಟ್ಟಿದವರು ಗುಡ್ಡವನ್ನು ಕೆರೆಯ ಗೋಡೆಯನ್ನಾಗಿ ಮಾಡಿಕೊಂಡರು. ಗುಡ್ಡವನ್ನು ಅಂಗಳವಾಗಿಸಿಕೊಳ್ಳುವವರಿಗೆ ಆ ಏರಿಯ ಮೇಲೆ ನಿಂತು ಸುತ್ತ ನೋಡಿ ಬರುವಷ್ಟು ಬಿಡುವಾದರೂ ಇರಬೇಕು, ನಿವೃತ್ತರಲ್ಲವೇ?

ಕಾನೂನಿನ ಅಡ್ಡಿಯು ಹಿಂದೆ ಸ್ವಲ್ಪ ಇತ್ತು. 1961ರ ಕರ್ನಾಟಕ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳು ಬೇಸಾಯಗಾರರಲ್ಲದವರೂ ಹೆಚ್ಚಿನ ವರಮಾನವುಳ್ಳವರೂ ಸಾಗುವಳಿಯ ಭೂಮಿಯನ್ನು ಕೊಳ್ಳದಂತೆ ತಡೆದಿದ್ದುವು. 2020ರಲ್ಲಿ ಅವು ರದ್ದಾದುವು. ಕಾನೂನು ಬಿಟ್ಟುದೆಲ್ಲ ನ್ಯಾಯವಾಗುವುದಿಲ್ಲ. ಎರಡು ಎಕರೆಯನ್ನು ಕೊಂಡೊಡನೆ ನಾಲ್ಕು ಕಡೆಯೂ ಕಲ್ಲುಕಂಬ, ಮುಳ್ಳುತಂತಿ, ಬಾಗಿಲಿಗೆ ಬೀಗ, ನಾಯಿಯಿದೆಯೆಂಬ ಫಲಕ. ಅಲ್ಲಿ ಹಳ್ಳಿಯ ದನಗಳು ಗುಡ್ಡಕ್ಕೆ ಏರುತ್ತಿದ್ದ ಕಾಲುದಾರಿಯೊಂದು ಇತ್ತು; ಕಂದಾಯದ ನಕ್ಷೆಯಲ್ಲಿ ಅದು ಕಾಣದಿದ್ದುದೇ ಬೇಲಿಗೆ ಸಾಕಾದ ಆಧಾರ. ದನವನ್ನು ಕಾಯುವ ಹುಡುಗನು ಅರ್ಧ ಹರದಾರಿ ಸುತ್ತಿ ಹೋಗಬೇಕು. ಅವನ ತಂದೆಯೇ ಮರುದಿನ ತೋಟದ ಕೂಲಿಗೆ ಬರುವನು; ಆದಕಾರಣ ಬಾಯಿಬಿಟ್ಟು ಏನನ್ನೂ ಹೇಳುವುದಿಲ್ಲ.

ಇಷ್ಟನ್ನು ಕೇಳಿದವರಲ್ಲಿ ಕೆಲವರು, ಹಾಗಾದರೆ ಮುದುಕರು ಗುಡ್ಡಕ್ಕೆ ಹೋಗದೆ ಮಗನ ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸುತ್ತ ಇರುವುದೇ ಸರಿಯೆಂದು ಹಿಗ್ಗುವರು. ಅವರ ಪಕ್ಷವು ಇನ್ನೂ ದುರ್ಬಲವಾದುದು. ಮೂವತ್ತೈದು ವರ್ಷ ದುಡಿದವನನ್ನು ಬೆಂಗಳೂರಿನ ಏಳನೆಯ ಅಂತಸ್ತಿನ ಒಂದು ಕೋಣೆಯಲ್ಲಿ ಕೂರಿಸಿ, ಹೊತ್ತಿಗೆ ಸರಿಯಾಗಿ ಗುಳಿಗೆಯನ್ನು ಕೊಟ್ಟು, ‘ನೀವು ಸುಮ್ಮನೆ ಇರಿ, ಏನನ್ನೂ ಮಾಡಬೇಡಿ’ ಎನ್ನುವುದು ಪ್ರೀತಿಯ ಮಾತಾದರೂ ಶಿಕ್ಷೆಯ ಫಲವನ್ನೇ ಕೊಡುವುದು. ತಾನು ಬಿತ್ತಿದ ಅವರೆಯು ಮೊಳೆತಿತೋ ಇಲ್ಲವೋ ಎಂದು ನಸುಕಿನಲ್ಲಿ ಎದ್ದು ನೋಡುವ ಕುತೂಹಲವುಳ್ಳವನಿಗೆ ಬದುಕಿನಲ್ಲಿ ನಾಳೆಯೆಂಬುದೊಂದು ಉಳಿದಿರುವುದು. ಗುಡ್ಡಕ್ಕೆ ಹೋಗಬೇಕೆಂಬ ಆಸೆಯಲ್ಲಿ ದಿಟವಾದ ಅರ್ಧವೆಂದರೆ ಇದೇ. ಇದನ್ನು ಹಳಿಯುವವರು ಮುಪ್ಪನ್ನು ಹೊರಗಿನಿಂದ ಮಾತ್ರ ನೋಡಿದವರು.

ಆದರೆ ಹೋಗುವವರು ಯಾರು ಎಂಬುದನ್ನೂ ಕೇಳಬೇಕು. ನಿವೃತ್ತಿಯ ಪತ್ರವು ಗಂಡನಿಗೆ ಬರುವುದು. ಮನೆಯಲ್ಲಿ ಅಡುಗೆಯನ್ನು ಮಾಡಿದವಳಿಗೆ ಅಂಥ ಪತ್ರವನ್ನು ಯಾವ ಇಲಾಖೆಯೂ ಕಳುಹಿಸುವುದಿಲ್ಲ. ಪಟ್ಟಣದಲ್ಲಿ ಬಾಗಿಲಿಗೆ ಬರುತ್ತಿದ್ದ ಹಾಲು, ಸೊಪ್ಪು, ನೆರೆಮನೆಯವಳ ಮಾತು, ಶನಿವಾರದ ಭಜನೆ ಇವನ್ನೆಲ್ಲ ಬಿಟ್ಟು, ವಿದ್ಯುತ್ತು ಹೋದರೆ ನೀರೂ ಹೋಗುವ ಗುಡ್ಡದ ಮನೆಯಲ್ಲಿ, ವಾರದ ಕೊನೆಗೆ ‘ಪ್ರಕೃತಿಯನ್ನು ನೋಡಲು’ ಬರುವ ಹತ್ತು ಮಂದಿಗೆ ರೊಟ್ಟಿಯನ್ನು ತಟ್ಟುವವಳು ಅವಳು. ಹೆಂಡತಿಯನ್ನು ಮಕ್ಕಳ ಬಳಿಯಲ್ಲಿ ಬಿಟ್ಟಾದರೂ ಜೊತೆಯಲ್ಲಿ ಕರೆದುಕೊಂಡಾದರೂ ಹೋಗಬಹುದೆಂದು ಸ್ಮೃತಿಕಾರನು ಎರಡು ದಾರಿಯನ್ನು ಇಟ್ಟನು. ಎರಡನ್ನೂ ಗಂಡನ ಕೈಗೇ ಕೊಟ್ಟನೆಂಬುದು ಅವನ ಕಾಲದ ಕೊರತೆ. ಅದನ್ನು ಈ ಕಾಲದಲ್ಲಿ ಮುಂದುವರಿಸಬೇಕೆಂಬ ಕಟ್ಟು ಯಾರಿಗೂ ಇಲ್ಲ. ಅವಳು ಮನಸಾರೆ ಒಪ್ಪದ ಗುಡ್ಡದ ಮನೆಗೆ ಅಡಿಪಾಯವನ್ನೇ ಹಾಕಬಾರದು. ಒಪ್ಪಿ ಬಂದಳಾದರೆ ಒಲೆಯ ಕೆಲಸದಲ್ಲಿ ಯಜಮಾನರಿಗೂ ಪಾಲಿರಬೇಕು. ಈ ಒಂದು ಷರತ್ತನ್ನು ಕೇಳಿಯೇ ಅನೇಕರ ಅರಣ್ಯಪ್ರೇಮವು ಇಳಿದೀತು.

ಮಂಡಿ ನೋಯುವ ವಯಸ್ಸಿನಲ್ಲಿ ಗುದ್ದಲಿಯನ್ನು ಹಿಡಿಯೆಂದರೆ ಹೇಗೆ ಎಂಬುದು ಕೊನೆಯ ಆಕ್ಷೇಪ. ಇದಕ್ಕೆ ಸಮಾಧಾನವು ಸುಲಭ. ಎರಡು ಎಕರೆಯನ್ನು ಅಗೆಯೆಂದು ಯಾರೂ ಹೇಳುವುದಿಲ್ಲ. ತನ್ನ ಎರಡು ಕೈಗಳಿಗೆ ಎಷ್ಟು ಎಟುಕುವುದೋ ಅಷ್ಟೇ ತೋಟ. ಉಳಿದುದು ಗುಡ್ಡದ್ದು, ಅದನ್ನು ಅದರ ಪಾಡಿಗೆ ಬಿಡತಕ್ಕದ್ದು. ಈ ಅಳತೆಗೆ ನೀರಿನ ಲೆಕ್ಕವೂ ಒಪ್ಪುವುದು. ಸಾವಿರ ಚದರ ಅಡಿಯ ಮಾಡಿನ ಮೇಲೆ ವರ್ಷದಲ್ಲಿ 600 ಮಿಲಿಮೀಟರ್ ಮಳೆ ಬಿದ್ದರೆ 55,000 ಲೀಟರ್ ನೀರು. ಸೋರಿ ಚೆಲ್ಲಿ ಹೋದುದನ್ನು ಕಳೆದು 45,000 ಲೀಟರನ್ನು ಹಿಡಿಯಬಹುದು. ಐದು ಮೀಟರ್ ಉದ್ದ, ನಾಲ್ಕೂವರೆ ಮೀಟರ್ ಅಗಲ, ಎರಡು ಮೀಟರ್ ಆಳದ ಮುಚ್ಚಿದ ತೊಟ್ಟಿಯು ಅದಕ್ಕೆ ಸಾಕು. ಒಂದು ಗುಂಟೆ ಕಾಯಿಪಲ್ಯಕ್ಕೆ ದಿನಕ್ಕೆ 400 ಲೀಟರಿನಂತೆ ಅದು ಮಾಘದಿಂದ ವೈಶಾಖದವರೆಗೆ ಸುಮಾರು 110 ದಿನ ಬರುವುದು. ನೆಲಕ್ಕೆ ತರಗೆಲೆಯನ್ನು ಹೊದಿಸಿದರೆ ಇನ್ನೂ ಹೆಚ್ಚು ದಿನ. ಕೊಳವೆಬಾವಿಯ ಮಾತೇ ಬೇಡ. ಇಬ್ಬರು ಮುದುಕರಿಗೆ ಒಂದು ಗುಂಟೆಯ ಸೊಪ್ಪು ತರಕಾರಿಯೇ ಹೆಚ್ಚಾಗಿ, ಕೆಳಗಿನ ಮನೆಗಳಿಗೆ ಕೊಡುವಷ್ಟು ಮಿಗುವುದು.

ಅಂಥ ತೋಟದ ಕೆಲಸವು ವರ್ಷಕ್ಕೆ ಹಂಚಿಕೊಂಡು ಬರುವುದರಿಂದ ಮೈಗೆ ಭಾರವಾಗುವುದಿಲ್ಲ. ರೋಹಿಣಿಯ ಮಳೆಗೆ ಮೊದಲೇ ಇಳಿಜಾರಿಗೆ ಅಡ್ಡಲಾಗಿ ಗೇಣೆತ್ತರದ ಬದುವನ್ನು ಹಾಕಿ, ದಿನಕ್ಕೆ ಒಂದೇ ಗುಂಡಿಯಂತೆ ಅಗೆದು ಒಣಗಲು ಬಿಡಬೇಕು. ಮೃಗಶಿರದಲ್ಲಿ ಹೀರೆ, ಹಾಗಲ, ಪಡವಲ. ಬೇಲಿಗೆ ತಂತಿಯ ಬದಲು ಲಕ್ಕಿಯ ಕಡ್ಡಿಯನ್ನೋ ಗ್ಲಿರಿಸಿಡಿಯವನ್ನೋ ಊರುವುದಕ್ಕೂ ಅದೇ ಕಾಲ. ಗ್ಲಿರಿಸಿಡಿಯದ ಸೊಪ್ಪು ಗೊಬ್ಬರಕ್ಕೂ ಆಗುವುದು. ಪುಷ್ಯ ಆಶ್ಲೇಷಗಳಲ್ಲಿ ಕಳೆಯ ಕಾಟ. ಬೆಳಗ್ಗೆ ಒಂದು ಗಂಟೆ, ಮಣೆಯ ಮೇಲೆ ಕುಳಿತು ಕಿತ್ತರೆ ಮಂಡಿಯೂ ದೂರುವುದಿಲ್ಲ. ಲಂಟಾನವನ್ನು ಮಾತ್ರ ಸವರಿದರೆ ಸಾಲದು. ನೆಲವು ಹಸಿಯಾಗಿರುವಾಗಲೇ ಬೇರುಸಹಿತ ಕೀಳಬೇಕು. ಮಾಗಿಯಲ್ಲಿ ಅವರೆಯ ಸೊಗಡು ತಾನಾಗಿ ಬರುವುದು. ಎಲೆ ಉದುರುವ ಕಾಲಕ್ಕೆ ಅಂಗಳವನ್ನು ಗುಡಿಸಿ ಬೆಂಕಿಯಿಡುವುದು ಶುದ್ಧ ಮೂರ್ಖತನ. ಆ ತರಗೇ ಮುಂದಿನ ವರ್ಷದ ಮಣ್ಣು. ಬೆಂಕಿಯ ಕಿಡಿಯಾದರೋ ಫಾಲ್ಗುಣದ ಒಣಹುಲ್ಲಿನ ಗುಡ್ಡಕ್ಕೆ ಶತ್ರು. ಗೋಡೆಯ ಸುತ್ತ ನಾಲ್ಕು ಮಾರು ಮಾತ್ರ ಎಲೆಯೂ ಕಟ್ಟಿಗೆಯೂ ಇಲ್ಲದಂತೆ ಚೊಕ್ಕಟವಾಗಿಡಬೇಕು. ಏಕೆಂದರೆ ಕೊಳಕುಮಂಡಲವು ಅಲ್ಲಿಯೇ ಮಲಗುವುದು. ಕಚ್ಚಿದರೆ ಮಂತ್ರಕ್ಕಲ್ಲ, ವಿಷನಿರೋಧಕ ಔಷಧವುಳ್ಳ ಆಸ್ಪತ್ರೆಗೆ ಓಡಬೇಕು. ಹೊನ್ನಾಳಿಯಿಂದ ಶಿವಮೊಗ್ಗ ದಾವಣಗೆರೆಗಳ ದೊಡ್ಡ ಆಸ್ಪತ್ರೆಗಳು 40 ಕಿಲೋಮೀಟರಿನ ಸುಮಾರು ದೂರ, ಗುಡ್ಡದಿಂದ ಇಳಿಯುವ ದಾರಿ ಬೇರೆ. ರಾತ್ರಿಯಲ್ಲಿ ವಾಹನವುಳ್ಳ ಒಬ್ಬನಾದರೂ ಕೆಳಗಿನ ಹಳ್ಳಿಯಲ್ಲಿ ಸ್ನೇಹಿತನಾಗಿ ಇಲ್ಲದಿದ್ದರೆ ಅಲ್ಲಿ ವಾಸಮಾಡತಕ್ಕದ್ದಲ್ಲ. ದಾರಿಯನ್ನು ಬೇಲಿಯಿಂದ ಮುಚ್ಚಿದವರಿಗೆ ಅಂಥ ಸ್ನೇಹಿತನು ಎಲ್ಲಿಂದ ಬಂದಾನು?

ಕಟ್ಟಿದವರ ತರುವಾಯ ಆ ಮನೆಯ ಗತಿಯೇನೆಂಬುದನ್ನು ಯಾರೂ ಮಾತನಾಡುವುದಿಲ್ಲ. ಮಕ್ಕಳು ಬಂದು ಇರುವವರಲ್ಲ. ಕೆಲವು ವರ್ಷ ಬೀಗ, ಆಮೇಲೆ ಮಾರಾಟ. ಕೊಂಡವನು ರೆಸಾರ್ಟನ್ನು ಮಾಡಿದರೂ ಕೇಳುವವರಿಲ್ಲ. ಆದುದರಿಂದ ಎರಡು ಎಕರೆಯಲ್ಲಿ ಒಂದು ಗುಂಟೆಯನ್ನು ಅಗೆದು ಮಿಕ್ಕುದನ್ನು ಬಿಟ್ಟವನು, ಆ ಮಿಕ್ಕ ನೆಲದಲ್ಲಿ ಹಳ್ಳಿಯವರಿಗೆ ದಾರಿಯ ಹಕ್ಕು ಉಂಟೆಂದು ಬದುಕಿರುವಾಗಲೇ ಬರೆದು ನೋಂದಣಿ ಮಾಡಿಸತಕ್ಕದ್ದು. 60ರಲ್ಲಿ ನೆಟ್ಟ ಕಸಿ ಮಾವು ನಾಲ್ಕೈದು ವರ್ಷಕ್ಕೆ ಕಾಯಿ ಬಿಡುವುದು; ಅದನ್ನು ತಿನ್ನಲು ನೆಟ್ಟವನೇ ಇರುವನು. ಓಟೆಯಿಂದ ಹುಟ್ಟಿದ ಮಾವಿಗಾದರೆ ಎಂಟು ಹತ್ತು ವರ್ಷವಾದರೂ ಬೇಕು. ಒಂದೆರಡು ಓಟೆಗಳನ್ನೂ ಆ ದಾರಿಯ ಪಕ್ಕದಲ್ಲಿ ಊರಿದರೆ, ಮನೆಗೆ ಬೀಗ ಬಿದ್ದ ಮೇಲೆಯೂ ದನವನ್ನು ಕಾಯುವ ಹುಡುಗರು ಕಲ್ಲನ್ನು ಬೀರಿ ಕಾಯನ್ನು ಉದುರಿಸಿಕೊಂಡಾರು.